ಚಿಕ್ಕಮ್ಮನ ಬದಿಯ ಬಾಗಿಲು

ನಮ್ಮ ಚಿಕ್ಕಪ್ಪ ಮೂರು ವರ್ಷದೊಳಗೆ ಒಂದೇ ಕಾರಿನ ಒಂದೇ ಬಾಗಿಲಿಗೆ ಐದು ಹ್ಯಾಂಡಲ್ ಹಾಕಿದ ಮಹಾನುಭಾವರು ಎಂದರೆ ನೀವು ನಂಬಲಿಕ್ಕಿಲ್ಲ. ಉಳಿದ ಮೂರು ಬಾಗಿಲುಗಳ ಕಥೆ ಕೇಳಲೇಬೇಡಿ! ಹಿಂದಿನ ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು, ಹಿಂದಿನ ಬಲಬಾಗಿಲು ಹೊರಗಿನಿಂದ ಮಾತ್ರ. ಅವರ ಸ್ವಂತ ಬಾಗಿಲಿನ ಹ್ಯಾಂಡಲ್ ಯಾವತ್ತೋ ಕಿತ್ತು ಬಂದಿತ್ತು. ಆ ತೂತಿನೊಳಗೆ ಬೆರಳು ತೂರಿಸಿ, ಕಂಬಿ ಎಳೆದು, ಕಳ್ಳನ ಹಾಗೆ ತಮ್ಮ ಕಾರಿಗೆ ತಾವೇ ಹತ್ತುತ್ತಿದ್ದರು. ಹೊಸ ಹ್ಯಾಂಡಲಿನ ಭಾಗ್ಯವೆಲ್ಲ ಮುಂದಿನ ಎಡಬಾಗಿಲಿಗೆ ಮಾತ್ರ. ಅದು ಚಿಕ್ಕಮ್ಮ ಕೂರುವ ಬದಿ.

ತೊಂಬತ್ತರ ದಶಕದ ಮಾತಿದು. ಬ್ಯಾಂಕಿನವರು ನನ್ನನ್ನು ಉಡುಪಿ ಕಡೆಯಿಂದ ಎತ್ತಿ ಅಹಮದಾಬಾದಿನ ನವರಂಗಪುರ ಶಾಖೆಗೆ ಒಗೆದಿದ್ದರು. ಮದುವೆಯಾಗದ ಹುಡುಗಿ, ಗುಜರಾತಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಮಣಿನಗರದಲ್ಲಿ ಅಪ್ಪನ ತಮ್ಮನ ಮನೆ ಇದ್ದದ್ದರಿಂದ ಬದುಕಿಕೊಂಡೆ. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೇ. ಮಕ್ಕಳಿಲ್ಲ. ನಾನು ಹೋಗಿ ಸೇರಿದ ದಿನವೇ ಚಿಕ್ಕಮ್ಮ ನನ್ನ ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿ ಅಟ್ಟಕ್ಕೆ ಏರಿಸಿಬಿಟ್ಟರು, ಇನ್ನು ಹೋಗುವ ಮಾತೇ ಇಲ್ಲ ಎಂಬಂತೆ.

ಚಿಕ್ಕಪ್ಪ ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರ ಬೆರಳಿಗೆ ವಾರಕ್ಕೊಂದು ಬಣ್ಣ. ಸ್ವಿಚ್ಚಿನ ಮೇಲೆ ಹಸಿರು ಹೆಬ್ಬೆಟ್ಟು, ಫ್ರಿಜ್ಜಿನ ಮೇಲೆ ನೇರಳೆ ಹೆಬ್ಬೆಟ್ಟು, ದೇವರ ಫೋಟೋದ ಗಾಜಿನ ಮೇಲೂ ಒಂದು ಕಿತ್ತಳೆ! ಈ ಬಣ್ಣದ ಬೆರಳುಗಳು ಮುಟ್ಟದ ಯಂತ್ರ ಮನೆಯಲ್ಲಿರಲಿಲ್ಲ. ಇನ್ನೊಬ್ಬರಿಂದ ರಿಪೇರಿ ಮಾಡಿಸುವುದೆಂದರೆ ಅವರಿಗೆ ಮಾನಹಾನಿ. ಅವರು ರಿಪೇರಿ ಮಾಡಿದ ಮೇಲೆ ಮಿಕ್ಸಿ ನಿಂತರೆ ಫ್ಯಾನ್ ತಿರುಗುತ್ತಿತ್ತು, ಫ್ಯಾನ್ ನಿಲ್ಲಿಸಿದರೆ ಕರೆಗಂಟೆ ಹೊಡೆಯುತ್ತಿತ್ತು. ಚಿಕ್ಕಮ್ಮ ಮಾತ್ರ ಒಂದು ದಿನವೂ ಗೊಣಗಿದವರಲ್ಲ. ಕರೆಗಂಟೆ ಹೊಡೆದರೆ ಬಾಗಿಲಿಗೆ ಹೋಗುವ ಮೊದಲು ಒಮ್ಮೆ ಫ್ಯಾನಿನ ಕಡೆ ನೋಡುತ್ತಿದ್ದರು, ಅಷ್ಟೆ.

ಚಿಕ್ಕಮ್ಮನ ಕೈಯ ಬಲಕ್ಕೆ ಇಡೀ ಕಟ್ಟಡದಲ್ಲಿ ಹೆಸರಿತ್ತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಕಚ್ಚಿಕೊಂಡರೆ ಮೂರು ಮಾಳಿಗೆಯ ಗುಜರಾತಿ ಹೆಂಗಸರೂ ಅದನ್ನು ನಮ್ಮ ಮನೆಗೇ ತರುತ್ತಿದ್ದರು. ಅವರ ಗಂಡಂದಿರು ಉಸಿರು ಕಟ್ಟಿ ತಿರುಚಿ ಸೋತ ಮುಚ್ಚಳವನ್ನು ಚಿಕ್ಕಮ್ಮ ಮಾತಾಡುತ್ತಾ ಮಾತಾಡುತ್ತಾ ತೆಗೆದುಕೊಡುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಬೆನ್, ಅಂದರೆ ಗುಜರಾತಿ ಅಕ್ಕ, ತಂದ ಬಾಟಲಿ ಹಾಗೇ ವಾಪಸು ಹೋಯಿತು. ಕೈ ಜಾರ್ತಾ ಉಂಟು ಅಂದರು ಚಿಕ್ಕಮ್ಮ. ಮರುವಾರ ಕಾರಿನ ಬಾಗಿಲು ತೆರೆಯಲಿಕ್ಕೆ ಎರಡು ಕೈ ಬೇಕಾಯಿತು. ಆ ಹಳೇ ಕಾರಿನ ಹ್ಯಾಂಡಲಿನ ತುದಿಗೆ ಒಂದು ಗುಂಡಿ, ಹೆಬ್ಬೆರಳಿನಿಂದ ಅದನ್ನು ಒತ್ತಿ ಎಳೆದರೆ ಬಾಗಿಲು ತೆರೆಯುವುದು. ಚಿಕ್ಕಮ್ಮನ ಹೆಬ್ಬೆರಳು ಒತ್ತುತ್ತಿರಲಿಲ್ಲ.

ವಡೋದರಾದ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಚಿಕ್ಕಮ್ಮನನ್ನು ಹೊರಗೆ ಕೂರಿಸಿ ಡಾಕ್ಟರು ಚಿಕ್ಕಪ್ಪನ ಹತ್ತಿರ ಮಾತ್ರ ಮಾತಾಡಿದರಂತೆ. ಮನೆಗೆ ಬಂದು ಚಿಕ್ಕಪ್ಪ, ವಾತವಂತೆ, ಶಾಖ ಕೊಟ್ಟರೆ ಸರಿಹೋಗುತ್ತದಂತೆ ಎಂದು ನಮಗೆ ಸಾರಿದರು. ಮರುದಿನವೇ ಕಾರಿನ ಎಡಬಾಗಿಲನ್ನು ಬಿಚ್ಚಲು ಕೂತರು.

ಸ್ವಾಮೀ, ಇಲ್ಲೇ ನನ್ನ ಪ್ರಶ್ನೆ. ಹೆಂಡತಿಯ ಬೆರಳಿಗೆ ಬಲವಿಲ್ಲ ಅಂದರೆ ಗಂಡನಾದವನು ಏನು ಮಾಡಬೇಕು? ಇಳಿದು ಹೋಗಿ ಬಾಗಿಲು ತೆಗೆದುಕೊಟ್ಟರೆ ಆಯಿತಪ್ಪ! ಎರಡು ಸೆಕೆಂಡಿನ ಕೆಲಸ. ನಾನು ಹೇಳಿದೆ, ಬೆನ್ ಹೇಳಿದರು, ಶನಿವಾರ ಭಜನೆಗೆ ಸೇರುತ್ತಿದ್ದ ಕನ್ನಡದವರೆಲ್ಲ ಹೇಳಿದರು. ಊಹೂಂ. ಚಿಕ್ಕಪ್ಪ ಸ್ಟೀರಿಂಗ್ ಹಿಡಿದು ನೇರ ಮುಂದೆ ನೋಡುತ್ತಾ ಕಲ್ಲಿನ ಹಾಗೆ ಕೂತಿರುತ್ತಿದ್ದರು. ಹೊರಗೆ ಚಿಕ್ಕಮ್ಮ ಗುಂಡಿಯ ಜೊತೆ ಗುದ್ದಾಡುತ್ತಿದ್ದರು. ಹಿಂದಿನಿಂದ ಕೈ ಚಾಚಿ ಒಳಗಿನ ಹಿಡಿ ಎಳೆಯಲು ಹೋದರೆ ನನಗೇ ಬೈಗುಳ. ಕೊನೆಗೊಮ್ಮೆ ಬಾಗಿಲು ತೆರೆದು ಚಿಕ್ಕಮ್ಮ ಕೂತ ಮೇಲೆ, ಮುಖ ತಿರುಗಿಸದೆಯೇ ಒಂದು ಮಾತು ಕೇಳುತ್ತಿದ್ದರು.

“ಗಟ್ಟಿ ಉಂಟಾ?”

“ಇಲ್ಲ, ಹಗುರ ಉಂಟು.”

ಇದೆಂಥ ಮನುಷ್ಯ ಎಂದು ನಾನು ಹಿಂದಿನ ಸೀಟಿನಲ್ಲಿ ಹಲ್ಲು ಕಡಿಯುತ್ತಿದ್ದೆ.

ಹ್ಯಾಂಡಲ್ ಬದಲಿಸುವುದು ಹೊರಗಿನ ಕೆಲಸ ಎಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಅಲ್ಲ! ಮೊದಲು ಒಳಗಿನ ಗಾಜು ಏರಿಸುವ ಹಿಡಿ ತೆಗೆಯಬೇಕು, ಆಮೇಲೆ ರೆಕ್ಸಿನ್ ಹೊದೆಸಿದ ಹಲಗೆ ಕೀಳಬೇಕು, ಬಾಗಿಲಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ಕಣ್ಣಿಗೆ ಕಾಣದ ಎರಡು ನಟ್ಟುಗಳನ್ನು ತಡವಿ ತಡವಿ ಬಿಚ್ಚಬೇಕು. ಮೊದಲ ಸಲವೇ ಒಂದು ನಟ್ಟು ಚಿಕ್ಕಪ್ಪನ ಕೈಯಿಂದ ಜಾರಿ ಬಾಗಿಲಿನ ತಳಕ್ಕೆ ಬಿತ್ತು. ಆಯಸ್ಕಾಂತ ಇಳಿಬಿಟ್ಟರು, ಅಂಟು ಹಚ್ಚಿದ ಕಡ್ಡಿ ಇಳಿಬಿಟ್ಟರು, ಬರಲಿಲ್ಲ. ಅಲ್ಲಿಂದ ಮುಂದೆ ಆ ಬಾಗಿಲು ಯಾವಾಗ ಅಲುಗಾಡಿದರೂ ಒಳಗಿನಿಂದ ಟಣ್ ಎನ್ನುತ್ತಿತ್ತು. ನಿನ್ನ ಚಿಕ್ಕಮ್ಮ ಬಂದದ್ದು ಗೊತ್ತಾಗಲಿ ಎಂದು ಗೆಜ್ಜೆ ಕಟ್ಟಿದ್ದೇನೆ ಎಂದು ಸಮರ್ಥಿಸಿಕೊಂಡರು.

ಮೊದಲನೇ ಹೊಸ ಹ್ಯಾಂಡಲ್ ಹಳೆಯದಕ್ಕಿಂತ ಗಟ್ಟಿ. ಎರಡನೆಯದನ್ನು ನದಿ ದಂಡೆಯ ಭಾನುವಾರದ ಗುಜರಿ ಬಜಾರಿನಲ್ಲಿ ಗಂಟಲು ಹರಿಯುವಷ್ಟು ಚೌಕಾಶಿ ಮಾಡಿ ತಂದರು. ಮನೆಗೆ ಬಂದು ನೋಡಿದರೆ ಅದು ಬಲಬದಿಯದು! ಅದನ್ನೇ ತಲೆಕೆಳಗು ಮಾಡಿ ಕೂರಿಸಿದರು. ಅದರ ಸ್ಪ್ರಿಂಗ್ ಬಿರುಸು ಎಂದು ಕಂಡಾಗ ಮನೆಯ ಬಾಲ್‌ಪೆನ್ನುಗಳ ಮೇಲೆ ಕಣ್ಣು ಬಿತ್ತು. ಪೆನ್ನಿನ ಸ್ಪ್ರಿಂಗ್ ಮೃದು ಅಲ್ಲವೇ? ಒಂದು ವಾರದಲ್ಲಿ ಮನೆಯ ಪೆನ್ನುಗಳೆಲ್ಲ ಹೆಣ. ಬ್ಯಾಂಕಿನಲ್ಲಿ ಒಬ್ಬ ಗ್ರಾಹಕರಿಗೆ ಸಹಿ ಮಾಡಲು ಪೆನ್ನು ಕೊಟ್ಟರೆ, ಒತ್ತಿದ ಕೂಡಲೇ ಅದರ ಕಡ್ಡಿ ಸೀದಾ ಜಾರಿ ಅವರ ಚಹಾದೊಳಗೆ ಬಿತ್ತು.

ಅದು ಸಾಲದೆಂದು ಊರಿನಿಂದ ಬಂದ ತೆಂಗಿನೆಣ್ಣೆ. ನಮ್ಮ ಕಡೆಯವರಿಗೆ ತಲೆನೋವಿಗೂ ಅದೇ, ಬಾಗಿಲಿನ ಕಿರಿಕಿರಿಗೂ ಅದೇ. ದಿನಾ ಬೆಳಿಗ್ಗೆ ಆ ಹ್ಯಾಂಡಲಿಗೆ ತೆಂಗಿನೆಣ್ಣೆ ಅಭ್ಯಂಜನ. ಊರಿನ ಸೆಖೆಯಲ್ಲಿ ವರ್ಷವಿಡೀ ನೀರಾಗಿರುವ ಎಣ್ಣೆ ಅಹಮದಾಬಾದಿನ ಜನವರಿಯಲ್ಲಿ ಏನಾಗುತ್ತದೆ ಎಂದು ಆ ಬಣ್ಣದ ಕಾರ್ಖಾನೆಯ ಸೂಪರ್‌ವೈಸರಿಗೆ ಹೊಳೆಯಲೇ ಇಲ್ಲ. ವಡೋದರಾಕ್ಕೆ ಮತ್ತೆ ಹೊರಟ ಬೆಳಿಗ್ಗೆ ಲಾಕು ಮೇಣದ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಚಿಕ್ಕಪ್ಪ ಬಿಸಿನೀರಿನ ಚೀಲವನ್ನು ಕಾರಿನ ಬಾಗಿಲಿಗೆ ಒತ್ತಿ ಹಿಡಿದು ನಿಂತರು. ಕೈಗೆ ಶಾಖ ಕೊಡಲು ತಂದಿದ್ದ ಚೀಲ ಅದು. ಶಾಲು ಹೊದ್ದ ಚಿಕ್ಕಮ್ಮ ಪಕ್ಕದಲ್ಲಿ ನಿಂತು ಕಾದರು. ಕಾರಿಗೂ ವಾತ ಹಿಡಿಯಿತಾ ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಚಿಕ್ಕಪ್ಪ ನಗಲಿಲ್ಲ.

ಸೂರತ್ತಿನಲ್ಲಿ ಇಡ್ಲಿ-ದೋಸೆಯ ಹೋಟೆಲು ಇಟ್ಟಿದ್ದ ಅವರ ಗೆಳೆಯರೊಬ್ಬರಿದ್ದರು. ಅವರ ಹಳೇ ಕಾರು ಗುಜರಿಗೆ ಹೋಗುವುದರಲ್ಲಿತ್ತು. ಅದರ ಹ್ಯಾಂಡಲಿಗೆ ಗುಂಡಿ ಇಲ್ಲ, ಅಡಿಯಿಂದ ಬೆರಳು ಕೊಟ್ಟು ಎತ್ತಿದರೆ ಸಾಕು ಎಂದು ತಿಳಿದು ಚಿಕ್ಕಪ್ಪ ನನ್ನನ್ನೂ ಎಳೆದುಕೊಂಡು ರೈಲು ಹತ್ತಿದರು. ಬರುವಾಗ ಹ್ಯಾಂಡಲನ್ನು ಬಾಳೆಎಲೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನಗೆ ತಡೆಯಲಿಲ್ಲ. ಊರಿಡೀ ನಗುತ್ತಿದೆ ಚಿಕ್ಕಪ್ಪ, ಒಂದು ಬಾಗಿಲು ತೆಗೆದುಕೊಡಲು ನಿಮಗೇನು ಅಷ್ಟು ದೊಡ್ಡಸ್ತಿಕೆ ಎಂದು ಕೇಳಿಯೇಬಿಟ್ಟೆ.

ಚಿಕ್ಕಪ್ಪ ಬಾಳೆಎಲೆಯ ಸುತ್ತನ್ನು ಇನ್ನಷ್ಟು ಬಿಗಿ ಮಾಡಿದರು.

“ಅದು ವಾತ ಅಲ್ಲ ಮಗಾ. ಮೊದಲು ಕೈ ಹೋಗ್ತದೆ, ಆಮೇಲೆ ಕಾಲು, ಆಮೇಲೆ ಉಸಿರು. ಮದ್ದಿಲ್ಲ ಅಂದ್ರು ಡಾಕ್ಟ್ರು. ಅವಳಿಗೆ ಹೇಳ್ಲಿಲ್ಲ ನಾನು. ಬಾಗಿಲು ನಾನು ತೆಗೆದುಕೊಟ್ಟ ದಿನ ಅವಳಿಗೆ ಗೊತ್ತಾಗ್ತದೆ.”

ರೈಲಿನ ಆ ಗದ್ದಲದಲ್ಲಿ ನನಗೆ ಅಳು ಬಂತು. ಎರಡು ವರ್ಷ ಹಿಂದಿನ ಸೀಟಿನಲ್ಲಿ ಕೂತು ಹಲ್ಲು ಕಡಿದದ್ದಕ್ಕೆ ನಾಚಿಕೆಯಾಯಿತು. ಚಿಕ್ಕಪ್ಪ ತಮ್ಮ ಕರವಸ್ತ್ರ ಕೊಟ್ಟರು. ಅದರ ತುಂಬ ನೀಲಿ ಬಣ್ಣ. ಮನೆ ತಲುಪಿದಾಗ ನನ್ನ ಮುಖ ನೋಡಿ ಚಿಕ್ಕಮ್ಮ, ಹೋಳಿ ಇನ್ನೂ ದೂರ ಉಂಟಲ್ಲ ಎಂದರು.

ಸೂರತ್ತಿನ ಹ್ಯಾಂಡಲಿಗೆ ಬಾಗಿಲಿನ ತೂತು ಹೊಂದಲಿಲ್ಲ. ಎರಡು ಭಾನುವಾರ ಅರದಿಂದ ತಿಕ್ಕಿದರು. ಕೂರಿಸಿದ ಮೇಲೆ ಅದೂ ಗಟ್ಟಿ ಎನಿಸಿ ಅಂಥದ್ದೇ ನಾಲ್ಕನೆಯದನ್ನು ತಂದರು, ಅದೂ ಸರಿಬರದೆ ಐದನೆಯದನ್ನು ತಂದರು. ಅದರ ಸ್ಪ್ರಿಂಗನ್ನು ಎಳೆದು ಎಳೆದು ಸಡಿಲ ಮಾಡಿದ ಆ ಐದನೆಯದು ಎಷ್ಟು ಹಗುರವಾಯಿತೆಂದರೆ, ನಮ್ಮ ಬೀದಿಯಲ್ಲಿ ಅಡ್ಡಾಡುವ ಹಸುವೊಂದು ಬಂದು ಮೈ ಉಜ್ಜಿದಾಗ ಬಾಗಿಲು ತಾನಾಗಿ ತೆರೆದುಕೊಂಡಿತು! ಹಸು ಮುಂದಿನ ಸೀಟಿಗೆ ತಲೆ ಹಾಕಿ ಭಜನೆಗೆಂದು ಇಟ್ಟಿದ್ದ ಅವಲಕ್ಕಿ ಪ್ರಸಾದವನ್ನೆಲ್ಲ ಮುಗಿಸಿತು. ಕಾರು ಓಡುವಾಗ ಬಾಗಿಲು ಹಾರೀತೆಂದು ಚಿಕ್ಕಪ್ಪ ಬಚ್ಚಲಮನೆಯ ಚಿಲಕವನ್ನು ಕಿತ್ತು ತಂದು ಕಾರಿನೊಳಗೆ ಜಡಿದರು. ಚಿಕ್ಕಮ್ಮ ಕೂತ ಮೇಲೆ ಕೈ ಚಾಚಿ ಚಿಲಕ ಹಾಕುವುದು, ಆಮೇಲೆ ಗೇರು. ಮನೆಯಲ್ಲಿ ನಾವು ಹಾಡು ಹೇಳುತ್ತಾ ಸ್ನಾನ ಮಾಡುವಂತಾಯಿತು, ಒಳಗೆ ಜನ ಇದ್ದಾರೆಂದು ಗೊತ್ತಾಗಲಿ ಎಂದು. ಆ ಹ್ಯಾಂಡಲನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ, ನಾನೂ ಮುಟ್ಟುವ ಹಾಗಿರಲಿಲ್ಲ. ನಿನ್ನ ಕೈ ಒರಟು, ಸ್ಪ್ರಿಂಗ್ ಹೋದೀತು ಎನ್ನುತ್ತಿದ್ದರು.

ಆರು ತಿಂಗಳು ನಡೆಯಿತು. ಬೆರಳು ಹೋದ ಮೇಲೆ ಚಿಕ್ಕಮ್ಮ ಮಣಿಕಟ್ಟಿನಿಂದ ತೆರೆದರು, ಮಣಿಕಟ್ಟು ಹೋದ ಮೇಲೆ ಮೊಣಕೈಯಿಂದ ತೆರೆದರು.

ಆ ಶನಿವಾರ ನಾನು ಹಿಂದೆ ಕೂತಿದ್ದೆ. ಚಿಕ್ಕಪ್ಪ ಎಂದಿನಂತೆ ನೇರ ಮುಂದೆ ನೋಡುತ್ತಿದ್ದರು. ಚಿಕ್ಕಮ್ಮ ಹೊರಗೆ ಒಮ್ಮೆ ಭುಜ ಕೊಟ್ಟರು, ಇನ್ನೊಮ್ಮೆ ಕೊಟ್ಟರು. ಒಳಗೆ ನಟ್ಟು ಟಣ್ ಎಂದಿತು. ಬಾಗಿಲು ಬರಲಿಲ್ಲ. ಹಸುವಿಗೆ ತೆರೆದ ಬಾಗಿಲು ಚಿಕ್ಕಮ್ಮನಿಗೆ ತೆರೆಯಲಿಲ್ಲ. 

ಚಿಕ್ಕಮ್ಮ ಅಲ್ಲಿಂದ ಸರಿದರು. ಕಾರಿನ ಮುಂಭಾಗವನ್ನು ಸುತ್ತಿಕೊಂಡು, ಕಾಲೆಳೆಯುತ್ತಾ, ಚಿಕ್ಕಪ್ಪನ ಕಿಟಕಿಯ ಬಳಿ ಬಂದು ನಿಂತರು.

“ಮದುವೆಯಾಗಿ ಇಪ್ಪತ್ತಾರು ವರ್ಷ ಆಯಿತು. ಒಂದು ದಿನ ನೀವು ನನಗೆ ಬಾಗಿಲು ತೆಗೆದುಕೊಟ್ಟದ್ದಿಲ್ಲ. ನನಗೂ ಆಸೆ ಇರುದಿಲ್ವಾ? ಇವತ್ತು ತೆಗೀರಿ.”

ಚಿಕ್ಕಪ್ಪ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.

“ದಿನಾ ಬೆಳಿಗ್ಗೆ ಆ ಹ್ಯಾಂಡಲಿನಲ್ಲಿ ನಿಮ್ಮ ಹೆಬ್ಬೆಟ್ಟಿನ ಬಣ್ಣ ಇರ್ತದೆ,” ಎಂದರು ಚಿಕ್ಕಮ್ಮ ಮೆಲ್ಲಗೆ. “ವಾತಕ್ಕೆ ಯಾರೂ ಇಷ್ಟು ಮಾಡುದಿಲ್ಲ. ನನಗೆ ಆವಾಗಲೇ ಗೊತ್ತುಂಟು. ಏಳಿ ಈಗ, ಭಜನೆಗೆ ಹೊತ್ತಾಯ್ತು.”

ಚಿಕ್ಕಪ್ಪ ಇಳಿದರು. ಚಿಕ್ಕಮ್ಮನ ಭುಜ ಹಿಡಿದು ಎಡಬದಿಗೆ ನಡೆಸಿಕೊಂಡು ಹೋಗಿ ಬಾಗಿಲು ತೆಗೆದರು. ಸೆರಗು ಸಿಕ್ಕಿಕೊಳ್ಳದ ಹಾಗೆ ಒಳಗೆ ಸರಿಸಿದರು. ಆವತ್ತಿನಿಂದ ಪ್ರತಿದಿನ ಅವರೇ ತೆಗೆದರು. ಕಾರು ಹತ್ತಲಾಗದ ದಿನ ಬರುವವರೆಗೂ ತೆಗೆದರು. ಅದು ಬರಲು ಹೆಚ್ಚು ತಿಂಗಳು ಬೇಕಾಗಲಿಲ್ಲ. ಆ ವರ್ಷ ಚಳಿ ಶುರುವಾಗಿ ಎಣ್ಣೆ ಹೆಪ್ಪುಗಟ್ಟುವ ಮೊದಲೇ ಚಿಕ್ಕಮ್ಮ ಹೋದರು.

ಹದಿಮೂರನೆಯ ದಿನದ ಕೆಲಸ ಮುಗಿದ ಮೇಲೆ ನಾನು ಬ್ಯಾಂಕಿಗೆ ಹೊರಟೆ. ಬಸ್ಸು ಬೇಡ, ಬಿಡುತ್ತೇನೆ ಎಂದರು ಚಿಕ್ಕಪ್ಪ. ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಮುಂದೆ ಬಾ, ಅದು ಖಾಲಿ ಇದ್ದರೆ ನನಗೆ ಆಗುದಿಲ್ಲ ಎಂದರು. ನಾನು ಎಡಬದಿಗೆ ಹೋದೆ. ಅಷ್ಟು ವರ್ಷದಲ್ಲಿ ಆ ಹ್ಯಾಂಡಲನ್ನು ನಾನು ಮುಟ್ಟಿದ್ದು ಅದೇ ಮೊದಲು. ಒಂದು ಬೆರಳು ತಾಗಿಸಿದೆ, ಅಷ್ಟೆ. ಇನ್ನೂ ಎತ್ತುವ ಮೊದಲೇ ಬಾಗಿಲು ತೆರೆದುಕೊಂಡಿತು. ಒಳಗೆ ನಟ್ಟು ಟಣ್ ಎಂದಿತು.

ಕೂತೆ. ಚಿಕ್ಕಪ್ಪ ಕೈ ಚಾಚಿ ಚಿಲಕ ಹಾಕಿದರು. ಸ್ಟೀರಿಂಗ್ ಹಿಡಿದು ನೇರ ಮುಂದೆ ನೋಡುತ್ತಾ ಕೇಳಿದರು.

“ಗಟ್ಟಿ ಉಂಟಾ?”

“ಇಲ್ಲ ಚಿಕ್ಕಪ್ಪ,” ಎಂದೆ. “ಹಗುರ ಉಂಟು.”