ಗುರಿ ಕಲಿತು ಕೆಟ್ಟೆ

ಮದುವೆಯಾಗಿ ಹೋದ ಮಗಳ ಜೊತೆ ಫೋನಿನಲ್ಲಿ ಮಾತಾಡುವ ವಿದ್ಯೆಯನ್ನು ದೇವರು ತಂದೆಯರಿಗೆ ಕೊಟ್ಟಿಲ್ಲ. ಬೇರೆ ತಂದೆಯರ ಸುದ್ದಿ ಬಿಡಿ, ನನಗಂತೂ ಕೊಟ್ಟಿಲ್ಲ. ಮಗಳ ಫೋನು ಬಂತೆಂದರೆ ಓಡಿಹೋಗಿ ಎತ್ತಿಕೊಳ್ಳುವವನು ನಾನೇ. “ಊಟಾತೇನವಾ?” ಎನ್ನುತ್ತೇನೆ. “ಆತಪ್ಪಾ, ನಿಂದು?” ಎನ್ನುತ್ತಾಳೆ. “ನಂದೂ ಆತು.” ಅಲ್ಲಿಗೆ ನನ್ನ ಸರಕು ಮುಗಿಯಿತು. ಆಮೇಲೆ ಒಂದಿಷ್ಟು ಹೊತ್ತು ಇಬ್ಬರೂ ಸುಮ್ಮನೆ ಉಸಿರಾಡುತ್ತೇವೆ. ಕಡೆಗೆ “ತಡಿ, ಅವ್ವಗ ಕೊಡ್ತೇನಿ” ಎಂದು ನನ್ನ ಹೆಂಡತಿ ಗಿರಿಜೆಯ ಕೈಗೆ ಫೋನು ಕೊಟ್ಟು, ಪೇಪರು ಓದುವವನಂತೆ ಪಕ್ಕದಲ್ಲೇ ಕೂತು, ಅವ್ವ-ಮಗಳು ಎಣ್ಣೆಗಾಯಿಯಿಂದ ಹಿಡಿದು ಓಣಿಯ ನಾಯಿ ಮರಿ ಹಾಕಿದ್ದರ ತನಕ ಮಾತಾಡುವುದನ್ನು ಕಿವಿಗೊಟ್ಟು ಕೇಳುತ್ತೇನೆ. ಇಂಥ ನಾನು, ಐವತ್ತೆಂಟು ದಾಟಿದ ಮೇಲೆ, ಎರಡು ನಂಬರಿನ ಕನ್ನಡಕ ಏರಿಸಿಕೊಂಡು, ಮೊಬೈಲಿನಲ್ಲಿ ದೂರದ ಶತ್ರುವನ್ನು ಗುರಿಯಿಟ್ಟು ಹೊಡೆಯುವ ಬಂದೂಕುಗಾರನಾದೆ ಎಂದರೆ ನೀವು ನಗುತ್ತೀರಿ. ನಗಿರಿ. ನಮ್ಮ ಮನೆಯಲ್ಲಿ ಎಲ್ಲರೂ ಆಗಲೇ ನಕ್ಕು ಮುಗಿಸಿದ್ದಾರೆ.

ನನ್ನ ಉದ್ಯೋಗ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವುದು. ಒದ್ದೆ ಕಾಗದದಲ್ಲಿ ಬೀಜ ಸುತ್ತಿಟ್ಟು, ಅದು ಕಣ್ಣು ಬಿಡುವವರೆಗೆ ಕಾಯುವುದು. ಮಗಳು ಪಲ್ಲವಿಯನ್ನು ಕೊಟ್ಟದ್ದು ಬ್ಯಾಡಗಿಗೆ. ಬ್ಯಾಡಗಿಯೇನು ಕಾಶಿಯೇ? ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಸುವುದರೊಳಗೆ ಬಂದುಬಿಡುತ್ತದೆ. ಆದರೆ ಕೊಟ್ಟ ಮನೆಗೆ ಮೇಲಿಂದ ಮೇಲೆ ಹೋದರೆ ಹೆಣ್ಣಿನ ತಂದೆಯ ತೂಕ ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳಿಬಿಟ್ಟಿದ್ದಾರೆ. ಹಾಗೆ ಹೇಳಿದ ಹಿರಿಯರಿಗೆ ಹೆಣ್ಣುಮಕ್ಕಳಿರಲಿಲ್ಲವೋ ಏನೋ! ಅಳಿಯ ಮಂಜುನಾಥ ಅಲ್ಲಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರು, ಬಂಗಾರದಂಥ ಹುಡುಗ. ಮೊದಲ ದೀಪಾವಳಿಗೆ ಅಳಿಯ-ಮಗಳು ಬಂದಾಗ ಹೋಳಿಗೆ ಉಂಡು ಇಬ್ಬರೂ ಮೂಲೆ ಹಿಡಿದು ಮೊಬೈಲಿನಲ್ಲಿ ಢಂ ಢಂ ಎನಿಸತೊಡಗಿದರು. ನಾಲ್ಕು ಜನರ ತಂಡದ ಆಟವಂತೆ. ಇವರಿಬ್ಬರು, ಹಾವೇರಿಯಲ್ಲಿ ಮೊಬೈಲ್ ಅಂಗಡಿಯಿಟ್ಟ ಮಂಜುನಾಥನ ಗೆಳೆಯ ವೀರೇಶ, ಇನ್ನೊಂದು ಜಾಗ ಖಾಲಿ. “ಮಾಮಾರ, ನೀವೂ ಬರ್ರಿ” ಎಂದ ಅಳಿಯ, ಮರ್ಯಾದೆಗೆ. ಬೀಗರು ಮರ್ಯಾದೆಗೆ ಕರೆದದ್ದಕ್ಕೆಲ್ಲ ಹೋಗಬಾರದು ಎಂಬ ತಿಳಿವಳಿಕೆ ನನಗಿರಲಿಲ್ಲ. ಹೋಗಿಬಿಟ್ಟೆ.

ಹಬ್ಬ ಮುಗಿಸಿ ಅವರು ಬ್ಯಾಡಗಿಗೆ ಹೋದ ಮೇಲೆ ಮೊದಲ ಸಲ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಆಟಕ್ಕೆ ಕೂತೆ ನೋಡಿ, ಒಂದು ಪವಾಡ ನಡೆಯಿತು. ಮಗಳು ಮಾತಾಡಿದಳು. “ಅಪ್ಪಾ, ಮಲ್ಕೋ. ಹಂಗಲ್ಲ, ನೆಲಕ್ಕ ಮಲ್ಕೋ. ಅಯ್ಯ, ನೀ ಯಾಕ ಹಾಸಿಗಿ ಮ್ಯಾಲೆ ಮಲಗಿದಿ, ಆಟದಾಗ ಮಲ್ಕೋ ಅಂದೆ! ಉಸಿರ ಹಿಡಿ. ನಿನ್ನೆ ಅತ್ತಿಯವರ ಸೀರಿ ಇಸ್ತ್ರಿ ಮಾಡಾಕ ಹೋಗಿ ಸೆರಗು ಸುಟ್ಟೆ ಅಪ್ಪಾ.”

“ಬೈದ್ರೇನವಾ?”

“ಇಲ್ಲ, ನಕ್ರು. ಎಡಕ್ಕ, ಎಡಕ್ಕ! ಈಗ ಹೊಡಿ!”

ನಾನು ಹೊಡೆಯಲಿಲ್ಲ. ಸೆರಗು ಸುಟ್ಟರೂ ನಗುವ ಅತ್ತೆ ಸಿಕ್ಕಳಲ್ಲ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಅಷ್ಟರಲ್ಲಿ ಶತ್ರು ನನ್ನನ್ನು ಹೊಡೆದಿದ್ದ. ಸತ್ತು ಬಿದ್ದರೂ ನನಗಾದ ಸಂತೋಷ ಇಷ್ಟಷ್ಟಲ್ಲ. ಅಂದಿನಿಂದ ದಿನಾ ಸಂಜೆ ಕಂಪನಿಯಿಂದ ಬಂದು ಕೈಕಾಲು ತೊಳೆದವನೇ ರಣರಂಗಕ್ಕೆ. “ದೀಪಾ ಹಚ್ಚೋ ಹೊತ್ತಿನ್ಯಾಗ ಹೊಡಿ, ಸಾಯಿಸು ಅಂತ ಒದರ್ತೀರಲ್ರೀ, ಲಕ್ಷ್ಮಿ ಒಳಗ ಬರಾಕ ಅಂಜ್ತಾಳ” ಎಂದು ಗಿರಿಜೆ ಬೈಯುತ್ತಿದ್ದಳು. ಲಕ್ಷ್ಮಿ ಬ್ಯಾಡಗಿಗೆ ಹೋಗಿದ್ದಾಳೆ, ಅವಳ ಜೊತೆಗೇ ಮಾತಾಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ನಾನು ಕೋಣೆಯ ಕದ ಮುಚ್ಚಿಕೊಳ್ಳುತ್ತಿದ್ದೆ.

ನನಗೆ ತಂಡದವರು ಕೊಟ್ಟ ಕೆಲಸ ಸ್ನೈಪರಿನದು. ಓಡಲಾರದವನಿಗೆ ಅದೇ ಸರಿ ಎಂದು. ದೂರದ ದಿಬ್ಬದ ಮೇಲೆ ಮಲಗಿ, ದುರ್ಬೀನಿನಂಥ ಸ್ಕೋಪಿನಲ್ಲಿ ನೋಡಿ, ನಮ್ಮವರ ಮೇಲೆ ಬೀಳಲು ಬರುವವರನ್ನು ಹೊಡೆಯಬೇಕು. ಕೇಳಲು ಸುಲಭ. ಆದರೆ ನನ್ನ ಕನ್ನಡಕದ ಮೇಲರ್ಧ ದೂರಕ್ಕೆ, ಕೆಳಗರ್ಧ ಹತ್ತಿರಕ್ಕೆ. ಶತ್ರು ಇರುವುದು ದೂರದ ಗುಡ್ಡದಲ್ಲಿ, ಆ ಗುಡ್ಡ ಇರುವುದು ನನ್ನ ಅಂಗೈಯಲ್ಲಿ. ಯಾವ ಅರ್ಧದಲ್ಲಿ ನೋಡಬೇಕು? ಕಣ್ಣಿನ ಡಾಕ್ಟರನ್ನು ಕೇಳೋಣವೆಂದರೆ ಏನೆಂದು ಕೇಳುವುದು? ಗದ್ದ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು ಮಾಡುವಷ್ಟರಲ್ಲಿ ಆ ಕಡೆಯವನು ತನ್ನ ಕೆಲಸ ಮುಗಿಸಿ ಹೋಗುತ್ತಿದ್ದ.

ಅದಾದರೂ ಕಣ್ಣಿನ ದೋಷ. ಸಂಸ್ಕಾರದ ದೋಷಕ್ಕೆ ಯಾವ ಕನ್ನಡಕವಿದೆ ಹೇಳಿ. ಒಮ್ಮೆ ಆಟದೊಳಗಿನ ಹಳೆಯ ಗೋಡೌನೊಂದರಲ್ಲಿ ನನಗೂ ಮಂಜುನಾಥನಿಗೂ ಒಳ್ಳೆಯ ಸ್ನೈಪರ್ ಬಂದೂಕೊಂದು ಸಿಕ್ಕಿತು. ಅಳಿಯನ ಕಣ್ಣೆದುರಿಗೆ ಒಳ್ಳೆಯದನ್ನು ನಾನು ಬಾಚಿಕೊಳ್ಳುವುದೆ? “ನೀವು ತಗೋರಿ ಅಳಿಯಂದ್ರ” ಎಂದೆ. “ಛೇ, ಛೇ, ಹಿರ್‍ಯಾರು ನೀವು, ನೀವು ತಗೋರಿ ಮಾಮಾರ” ಎಂದ. “ನಮ್ಮನಿ ಅಳಿಯಂದ್ರು ನೀವು, ಮೊದಲ ನಿಮಗ” ಎಂದೆ. “ನೀವು ಮುಟ್ಟೂತನ ನಾ ಮುಟ್ಟಂಗಿಲ್ರಿ” ಎಂದ. ಮಗಳು ಆ ಕಡೆಯಿಂದ “ಯಾರರ ಒಬ್ರು ತಗೋರಿ!” ಎಂದು ಚೀರುತ್ತಿದ್ದಳು. ಕಡೆಗೆ ಕಿಟಕಿಯಿಂದ ಬಂದ ಅಪರಿಚಿತನೊಬ್ಬ ಇಬ್ಬರನ್ನೂ ಮಲಗಿಸಿ, ಯಾವ ಉಪಚಾರದ ಮಾತೂ ಆಡದೆ ಬಂದೂಕು ಎತ್ತಿಕೊಂಡು ಹೋದ.

ಇನ್ನೊಂದು ಸೀನಿನ ಪ್ರಕರಣ. ಅಳಿಯ ದಿನವಿಡೀ ಮೆಣಸಿನಕಾಯಿಯ ಘಾಟಿನಲ್ಲಿರುವವನು, ಸಂಜೆಯೂ ಮೂಗು ಚುರುಗುಡುತ್ತಿರುತ್ತದೆ. ನಾನು ಕಷ್ಟಪಟ್ಟು ಒಬ್ಬನನ್ನು ಸ್ಕೋಪಿನ ನಡುಮಧ್ಯೆ ತಂದು, ಉಸಿರು ಹಿಡಿದು, ಇನ್ನೇನು ಹೆಬ್ಬೆಟ್ಟು ಒತ್ತಬೇಕು, ಕಿವಿಯಲ್ಲಿ “ಆಕ್ಷೀ!” ಒಂಟಿ ಸೀನು! ಒಂಟಿ ಸೀನಿಗೆ ಹೊರಟ ಕಾಲನ್ನೇ ಹಿಂದೆಗೆಯಬೇಕು ಎಂದು ಕೇಳುತ್ತ ಬೆಳೆದ ಜೀವ ಇದು. ಹೆಬ್ಬೆಟ್ಟು ತಾನಾಗಿ ನಿಂತಿತು. ಎರಡನೆಯ ಸೀನು ಬಂದರೆ ದೋಷ ಕಳೆಯಿತು, ಆಮೇಲೆ ಹೊಡೆದರಾಯಿತು ಎಂದು ಕಾದೆ. “ಮಾಮಾರ, ಹೊಡೀರಿ!” ಎಂದು ಅಳಿಯ. “ಇನ್ನೊಂದ ಸೀನರಿ, ಹೊಡೀತೇನಿ” ಎಂದು ನಾನು. ಶತ್ರುವಿಗೆ ಶಕುನದ ಹಂಗಿರಲಿಲ್ಲ.

ಒಂದು ಸಂಜೆ ನಾನು ತಡವಾಗಿ ಆಟಕ್ಕೆ ಸೇರಿದೆ. ನಾನು ಕೇಳಿಸಿಕೊಳ್ಳುತ್ತಿರುವುದು ಗೊತ್ತಾಗದೆ ವೀರೇಶ ಹೇಳುತ್ತಿದ್ದ: “ಮಂಜ್ಯಾ, ಸಿಟ್ಟಿಗೇಳಬ್ಯಾಡ, ನಿಮ್ಮ ಮಾವಾರು ದೇವರಂಥವರು ಖರೇ. ಆದ್ರ ದೇವರನ್ನ ಕರ್ಕೊಂಡು ಯುದ್ಧಕ್ಕ ಹೋಗಾಕ ಆಗೂದಿಲ್ಲಲೇ. ದಾವಣಗೇರ್‍ಯಾಗ ನಮ್ಮ ಚಿಗವ್ವನ ಮಗ ಅದಾನ. ಸ್ನೈಪರ್ ಹಿಡದ್ರ ನೊಣಾನೂ ಬಿಡೂದಿಲ್ಲ. ಅವನ್ನ ತಗೊಳ್ಳೂಣು.” ನನ್ನ ಜಾಗ ಹೋದರೆ ಹೋಗಲಿ. ಮಗಳ ಮಾತು ಹೋಗುತ್ತದಲ್ಲ! ಮತ್ತೆ ಅದೇ “ಊಟಾತೇನವಾ” ಎಂಬ ಎರಡು ಮಾತಿಗೆ ಬಂದು ನಿಲ್ಲುತ್ತೇನಲ್ಲ! “ತಿಂಗಳ ಕೊನೀತನ ನೋಡೂಣು” ಎಂದು ಮಂಜುನಾಥ ನನ್ನ ಮಾನ ಉಳಿಸಿದ. ನಾನು ಆಗಷ್ಟೇ ಬಂದವನಂತೆ ಕೆಮ್ಮಿ “ನಮಸ್ಕಾರ್ರೀ” ಎಂದೆ. “ನಮಸ್ಕಾರ್ರೀ ಕಾಕಾರ” ಎಂದ ವೀರೇಶ, ಬೆಣ್ಣೆಯಂಥ ದನಿಯಲ್ಲಿ.

ಮರುದಿನದಿಂದ ನಾನು ಕಲಿಯಲು ಕೂತೆ. ಕಲಿಸುವವಳು ಮಗಳು. ಆಟದೊಳಗೇ ತಾಲೀಮಿನ ಬಯಲೊಂದಿದೆ, ಅಲ್ಲಿ ನಾವಿಬ್ಬರೇ. “ಅವ ಎಲ್ಲಿ ಅದಾನ ಅಂತ ನೋಡಬ್ಯಾಡ ಅಪ್ಪಾ, ಎಲ್ಲಿ ಹೊಂಟಾನ ನೋಡು. ಗುಂಡು ಹೋಗಿ ಮುಟ್ಟೂದ್ರಾಗ ಅವ ಮುಂದ ಹೋಗಿರ್ತಾನ. ದೂರ ಇದ್ರ ತಲಿಗಿಂತ ತುಸು ಮ್ಯಾಲೆ ಹಿಡಿ, ಗುಂಡು ಇಳೀತೈತಿ.” ಇದು ನನಗೆ ಹೊಸದಲ್ಲ ಎಂದು ಮೆಲ್ಲಗೆ ನೆನಪಾಯಿತು. ನಾನು ಹುಟ್ಟಿದ್ದು ತುಂಗಭದ್ರೆಯ ದಂಡೆಯ ಐರಣಿಯಲ್ಲಿ. ಜೋಳ ಹಾಲುಗಾಳಾದಾಗ ಹೊಲದ ಅಟ್ಟದ ಮೇಲೆ ನಿಂತು, ಕವಣೆಯಲ್ಲಿ ಕಲ್ಲಿಟ್ಟು ಬೀಸಿ, ಗಿಣಿಹಿಂಡು ಹಾರಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಹಾರುವ ಹಕ್ಕಿಯ ಮುಂದಕ್ಕೆ ಕಲ್ಲು ಬೀಳಬೇಕೆಂಬುದು ಕೈಗೆ ಗೊತ್ತಿತ್ತು. ತೊಡಕೆಂದರೆ, ನಮ್ಮ ಅವ್ವ ಇನ್ನೊಂದು ಮಾತನ್ನೂ ಕಲಿಸಿದ್ದಳು: “ಹಕ್ಕಿ ಹಾರಸಬೇಕು, ಕೊಲ್ಲಬಾರದು. ಅದಕ್ಕೂ ಹೊಟ್ಟಿ ಐತಿ.” ಹೀಗಾಗಿ ನನ್ನ ಗುಂಡುಗಳೆಲ್ಲ ಶತ್ರುವಿನ ಮಗ್ಗುಲಿಗೇ ನೀಟಾಗಿ ಬೀಳುತ್ತಿದ್ದವು. “ಅಪ್ಪಾ, ಅದು ಗಿಣಿ ಅಲ್ಲ! ಹಾರಿ ಹೋಗೂದಿಲ್ಲ, ತಿರುಗಿ ನಮ್ಮನ್ನ ಹೊಡೀತೈತಿ!” ಎಂದು ಪಲ್ಲವಿ ನಕ್ಕಿದ್ದೇ ನಕ್ಕಿದ್ದು. ನಗುವಿನ ನಡುವೆ ಮೈದುನನ ಪರೀಕ್ಷೆ, ತಾನು ಹಚ್ಚಿದ ಕರಿಬೇವಿನ ಗಿಡ, ಒಂದು ಮಧ್ಯಾಹ್ನ ಯಾಕೋ ನಮ್ಮ ಮನೆಯ ಹಿತ್ತಲು ನೆನಪಾಗಿ ಅಳು ಬಂದದ್ದು, ಎಲ್ಲ ಹೇಳಿದಳು. ಅಳು ಬಂದದ್ದನ್ನು ಅವ್ವನಿಗೂ ಹೇಳಿರಲಿಲ್ಲವಂತೆ. “ಮ್ಯಾಲೆ ಹಿಡಿ ಅಂದೆಲ್ಲ, ಹಿಡಿದೇನಿ ನೋಡವಾ” ಎಂದೆ. ಅಷ್ಟೇ ಹೇಳಲು ಬಂದದ್ದು.

ಕೈ ಕುದುರಿತು. ಇಡೀ ದಿನ ಬೀಜ ಕಣ್ಣು ಬಿಡುವುದನ್ನು ಕಾಯುವವನಿಗೆ ಒಬ್ಬ ಶತ್ರು ಕಿಟಕಿಗೆ ಬರುವುದನ್ನು ಕಾಯುವುದು ಏನು ಮಹಾ! ಕನ್ನಡಕ ತೆಗೆದಿಟ್ಟು ಓದುವ ಚಾಳೀಸು ಹಾಕಿಕೊಂಡೆ. ಸೀನಿಗೆ ಹೆದರುವುದು ಬಿಟ್ಟೆ. ಹೊಡೆದ ಜಾಗದಲ್ಲೇ ಕೂರದೆ ಸರಿದು ಬೇರೆ ಕಡೆ ಹೋಗುವುದು ಕಲಿತೆ. ತಿಂಗಳ ಕೊನೆಗೆ ವೀರೇಶನ ಬೆನ್ನ ಹಿಂದೆ ಬಂದವನೊಬ್ಬನನ್ನು ಎಲ್ಲಿಂದಲೋ ಒಂದೇ ಗುಂಡಿಗೆ ಕೆಡವಿದಾಗ, “ಕಾಕಾರ, ನಿಮ್ಮ ಪಾದ ಎಲ್ಲದಾವ್ರಿ?” ಎಂದು ಅವನು ಕೂಗಿದ. ದಾವಣಗೆರೆಯ ಚಿಗವ್ವನ ಮಗನ ಸುದ್ದಿ ಅಲ್ಲಿಗೆ ನಿಂತಿತು.

ಮಗಳ ಮಾತೂ ಅಲ್ಲಿಗೇ ನಿಂತಿತು. ಇದನ್ನು ನಾನು ಎಣಿಸಿರಲಿಲ್ಲ. “ಆ ಕಡೆ ಅಪ್ಪ ನೋಡ್ಕೋತಾನ” ಎಂದು ಆಟದ ಮೊದಲಿಗೆ ಒಂದು ಮಾತು, ಮುಗಿದ ಮೇಲೆ “ಬೆಸ್ಟ್ ಅಪ್ಪಾ” ಎಂದು ಇನ್ನೊಂದು. ನಡುವೆ ಬರೀ ಗಾಳಿ, ಗುಂಡು, ಅಳಿಯನ ಸೀನು. ಕಲಿತವನಿಗೆ ಕಲಿಸುವುದೇನಿರುತ್ತದೆ? ದಿಬ್ಬದ ಮೇಲೆ ಮಲಗಿ ಅವಳನ್ನು ಸ್ಕೋಪಿನಲ್ಲಿ ಕಾಯುತ್ತಿದ್ದೆ, ಅಷ್ಟೇ. ಎರಡು ವಾರ ತಡೆದೆ. ಆಮೇಲೊಂದು ಸಂಜೆ, ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥವನ ಮಗ್ಗುಲಿಗೆ ಗುಂಡು ಹಾಕಿದೆ. “ಅಯ್ಯ ಅಪ್ಪಾ! ಏನಾತು? ಉಸಿರ ಹಿಡಿದಿಲ್ಲೇನ?” ಆಹಾ! ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಕುಡಿದಂತಾಯಿತು. ಮರುದಿನ ಇನ್ನೆರಡು ತಪ್ಪಿಸಿದೆ. ಮಾತು ಮತ್ತೆ ಹರಿಯಿತು, ಕರಿಬೇವು ಚಿಗುರಿದ್ದು ಗೊತ್ತಾಯಿತು. ಆದರೆ ವೀರೇಶ ಕುದಿಯತೊಡಗಿದ. “ಕಾಕಾರಿಗೆ ಯಾರದರ ದೃಷ್ಟಿ ಆಗೇತಿ. ದಾವಣಗೇರಿ ಹುಡುಗ ಇನ್ನೂ ಖಾಲಿ ಅದಾನ ನೋಡ್ರಿ” ಎಂದು ಈ ಸಲ ನನ್ನ ಎದುರಿಗೇ ಅಂದ. ಹೊಡೆದರೆ ಮಾತಿಲ್ಲ, ತಪ್ಪಿಸಿದರೆ ಜಾಗವಿಲ್ಲ.

ಅಷ್ಟರಲ್ಲಿ ಕದರಮಂಡಲಗಿಯ ಹನುಮಪ್ಪನಿಗೆ ಗಿರಿಜೆಯ ಹರಕೆಯಿತ್ತು. ಅದನ್ನು ತೀರಿಸಿ ಹಾಗೇ ಬ್ಯಾಡಗಿಗೆ, ಬೀಗರ ಮನೆಗೆ ಹೋದೆವು. ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ನಾನು, ಎದುರಿಗೆ ಬೀಗರು. ಮೆಣಸಿನಕಾಯಿ ಪೇಟೆಯ ಸುದ್ದಿ ನಡೆಯಿತು. ಪಲ್ಲವಿ ಸೀರೆಯುಟ್ಟು ಚಹಾ ತಂದಳು. “ಆರಾಮದೀಯೇನವಾ?” ಎಂದೆ. “ಹೂಂನಪ್ಪಾ” ಎಂದು ಒಳಗೆ ಹೋದಳು. ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದ ಮಗಳ ಜೊತೆ ಇಷ್ಟೇ ಮಾತು. ನನ್ನ ಮುಖ ನೋಡಿಯೋ ಏನೋ ಅಳಿಯ ಮೆಲ್ಲಗೆ “ಮಾಮಾರ, ಒಂದಾಟ ಆಡೂಣೇನ್ರಿ?” ಎಂದ. ಬೀಗರು ಮಧ್ಯಾಹ್ನದ ನಿದ್ದೆಗೆಂದು ಎದ್ದು ಒಳಗೆ ಹೋದರು. ನಾನು ಪಡಸಾಲೆಯಲ್ಲಿ, ಮಗಳು ಗೋಡೆಯಾಚೆಯ ಕೋಣೆಯಲ್ಲಿ. ಅಳಿಯ ಬೇಗ ಸತ್ತು, ನಮಗೆ ಎಲೆಅಡಿಕೆ ತರಲು ಹೊರಗೆ ಹೋದ. ವೀರೇಶನೂ ಸತ್ತು, ಅಂಗಡಿಗೆ ಗಿರಾಕಿ ಬಂದನೆಂದು ಹೇಳಿ ಹೋದ. ನಾವಿಬ್ಬರೇ ಉಳಿದೆವು. ಎದುರಿಗೆ ಒಬ್ಬನೇ ಶತ್ರು, ಬಾವಿಕಟ್ಟೆಯ ಹಿಂದೆ.

“ಅಪ್ಪಾ” ಎಂದಳು ಕಿವಿಯಲ್ಲಿ, “ನೀ ಈಗೀಗ ಮುದ್ದಾಮ, ಬೇಕಂತನ ತಪ್ಪಸಾಕತ್ತೀದಿ ಹೌದಿಲ್ಲೋ?”

ಸುಳ್ಳು ಹೇಳೋಣವೆಂದರೆ ಬಾಯಿಗೆ ಬಂದದ್ದು ಖರೇ ಮಾತೇ. “ಹೌದವಾ. ತಪ್ಪಿಸಿದ್ರ ನೀ ಮಾತಾಡ್ತೀದಿ, ಅದಕ್ಕ.”

ಅವಳ ದನಿ ಸಣ್ಣದಾಗಿ ಬಂತು. “ಕಲಸೂದು ಮುಗಿದಮ್ಯಾಲೆ ನಿನ್ನ ಕೂಡ ಏನು ಮಾತಾಡಬೇಕಂತ ನನಗೂ ತಿಳೀವಲ್ದು ಅಪ್ಪಾ. ದಿನಾ ಏನರ ಹೇಳಬೇಕಂತ ಕುಂದರ್ತೇನಿ. ನೀ ಚಲೋ ಹೊಡೀತಿರ್ತೀದಿ, ನಡುವ ಬಾಯಿ ಹಾಕೂದು ಬ್ಯಾಡ ಅಂತ ಸುಮ್ನಾಗ್ತೇನಿ. ನೀ ಹೊಡಿ, ನಾ ಮಾತಾಡ್ತೇನಿ. ಹೊಡಿ ಈಗ, ಎದ್ದ ನೋಡು ಅವ!”

ಎದ್ದಿದ್ದ. ಸ್ಕೋಪಿನ ನಡುಮಧ್ಯೆ, ಕಲ್ಲಿನ ಕಂಬದಂತೆ ನಿಂತಿದ್ದ. ಆದರೆ ಚಾಳೀಸಿನ ಒಳಗೆ ನೀರು ತುಂಬಿ, ಒಬ್ಬ ಇಬ್ಬರಾದ, ಇಬ್ಬರು ಕಲಸಿಹೋದರು. ಯಾವನಿಗೋ ಹೊಡೆದೆ. ಗುಂಡು ಬಾವಿಗೆ ಬಿತ್ತು. ಅವನು ಮೊದಲು ನನ್ನನ್ನು, ಆಮೇಲೆ ನನ್ನ ಮಗಳನ್ನು ಸಾವಕಾಶವಾಗಿ ಮುಗಿಸಿದ. ಪಲ್ಲವಿ ಬಿದ್ದು ಬಿದ್ದು ನಕ್ಕಳು. ಆ ನಗು ಮೊದಲು ಗೋಡೆಯ ಕಡೆಯಿಂದ, ತುಸು ತಡವಾಗಿ ಇಯರ್‌ಫೋನಿನಿಂದ, ಎರಡೆರಡು ಸಲ ಕೇಳಿಸಿತು.

“ಮತ್ತ ಮುದ್ದಾಮ ತಪ್ಪಿಸಿದಿ ಅಲ್ಲ?”

“ಹೌದವಾ, ಮುದ್ದಾಮ” ಎಂದೆ, ಮೂಗು ಏರಿಸಿಕೊಳ್ಳುತ್ತ. ಇಷ್ಟು ಕಷ್ಟಪಟ್ಟು ಗಳಿಸಿದ ಹೆಸರು ನೋಡಿ. ಅಳು ಬಂದು ಗುರಿ ತಪ್ಪಿತೆಂದು ಯಾವ ಬಂದೂಕುಗಾರ ತಾನೆ ಒಪ್ಪಿಕೊಂಡಾನು?