ಗೂಡ್ಸು ರೈಲಿನ ದೊಡ್ಡಪ್ಪ

ಗೂಡ್ಸು ರೈಲು ಅಡ್ಡ ಬಂದಾಗ ಖುಷಿಪಡುವ ಮನುಷ್ಯ ಅಮೆರಿಕದ ಈ ಇಡೀ ಸಾಂಟಾ ಕ್ಲಾರಾ ಊರಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಹೆಂಡತಿಯ ದೊಡ್ಡಪ್ಪನೇ ಆಗಬೇಕೇ! ಗೇಟು ಬಿದ್ದೊಡನೆ ಕಾರಿನಿಂದ ಇಳಿದು ಡಬ್ಬಿಗಳನ್ನು ಎಣಿಸತೊಡಗುತ್ತಾರೆ. ನನ್ನ ಮಗಳನ್ನು ಡೇಕೇರಿನಿಂದ ಕರೆತರಲು ತಡವಾದರೇನು, ನನ್ನ ಮೀಟಿಂಗು ಮುಳುಗಿದರೇನು? "ನೋಡಪ್ಪಾ, ಮೈಲಿಯುದ್ದ ರೈಲು, ಓಡ್ಸೋರು ಇಬ್ಬರೇ! ಸರ್ಕಾರ ಹಿಡಿತ ಬಿಟ್ಟಿದ್ದಕ್ಕೇ ಇದು ಬದುಕ್ಕೊಂಡಿದ್ದು!" ಎಂದು ಹಿಂದಿನ ಕಾರಿನವರಿಗೂ ಕೇಳುವಂತೆ ಸಾರುತ್ತಾರೆ. ಹಿಂದಿನವರು ತಮ್ಮ ಅಭಿಪ್ರಾಯವನ್ನು ಹಾರ್ನಿನಲ್ಲಿ ತಿಳಿಸುತ್ತಾರೆ.

ದೊಡ್ಡಪ್ಪ ಮೂವತ್ತು ವರ್ಷ ಸರಕು ರೈಲಿನ ಕಂಪನಿಯೊಂದರ ಆಫೀಸಿನಲ್ಲಿದ್ದವರು. ದರವೆಷ್ಟು, ಯಾವ ರೈಲುದಾರಿ ಮುಚ್ಚಬಹುದು ಎಂಬುದಕ್ಕೆಲ್ಲ ಮೊದಲು ಸರಕಾರದ ಅಪ್ಪಣೆ ಬೇಕಿತ್ತಂತೆ. ಆ ಕಟ್ಟುಪಾಡು ಸಡಿಲವಾದ ಮೇಲೆ ಕಂಪನಿ ಆಡಿದ್ದೇ ಆಟ. ನಷ್ಟದ ಕವಲುದಾರಿಗಳನ್ನು ಹುಡುಕಿ "ಮುಚ್ಚಿ" ಎಂದು ವರದಿ ಬರೆಯುವುದೇ ಇವರ ಕೆಲಸ. ಎಂಥ ಪುಣ್ಯಕಾರ್ಯ!

ನಿವೃತ್ತರಾದ ಮೇಲೆ ಈ ಜ್ಞಾನ ಮನೆಯ ಕಡೆ ಹರಿಯಿತು. "ಊಟಕ್ಕೆ ಟೈಮು, ರೂಲ್ಸು ಎಲ್ಲ ಯಾಕೆ? ಬಿಟ್ಟುಬಿಟ್ರೆ ಎಲ್ಲ ತಾನಾಗೇ ಸರಿಹೋಗುತ್ತೆ" ಎಂದರು. ದೊಡ್ಡಮ್ಮ ತಕರಾರಿಲ್ಲದೆ ಒಪ್ಪಿದರು. ಮರುದಿನ ಬೆಳಗ್ಗೆ, "ದೋಸೆ ನಷ್ಟದಲ್ಲಿ ನಡೀತಿತ್ತು, ಮುಚ್ಚಿದೀನಿ" ಎಂದು ಸೋಫಾದ ಮೇಲೆ ಕಾಲು ಚಾಚಿದರು. ದೊಡ್ಡಪ್ಪ ಮೂರು ದಿನ ತಣ್ಣನೆಯ ಹಾಲಿನಲ್ಲಿ ಸೀರಿಯಲ್ಲು ತಿಂದರು. ನಾಲ್ಕನೆಯ ದಿನ ರೂಲ್ಸು ಸದ್ದಿಲ್ಲದೆ ವಾಪಸು ಬಂದವು!

ಕಳೆದ ತಿಂಗಳು ಗರಾಜಿನಲ್ಲಿ ಆಫೀಸಿನ ಹಳೆಯ ಫೈಲು ಎಸೆಯುತ್ತಿದ್ದ ದೊಡ್ಡಪ್ಪ ಒಂದು ಕಾಗದ ಹಿಡಿದು ನನ್ನ ಹತ್ತಿರ ಬಂದರು. "ಶನಿವಾರ ಫ್ರೀ ಇದೀಯಾ? ಒಂದು ಕಡೆ ಹೋಗ್ಬೇಕು."

ಬೆಟ್ಟ ದಾಟಿ ಎರಡು ಗಂಟೆಯ ಪ್ರಯಾಣ. ಫ್ರೀವೇ ಹೆದ್ದಾರಿಯ ತುಂಬ ಲಾರಿಗಳು. "ಇವೆಲ್ಲ ಯಾಕೆ ರೈಲಲ್ಲಿ ಹೋಗ್ತಿಲ್ಲ, ದೊಡ್ಡಪ್ಪ?" ಎಂದು ಚುಚ್ಚಿದೆ. ಆಶ್ಚರ್ಯ, ಉಪನ್ಯಾಸ ಬರಲಿಲ್ಲ! ಅವರು ಆ ಕಾಗದವನ್ನು ಬಿಡಿಸಿ ಮತ್ತೆ ಓದತೊಡಗಿದರು.

ಸಣ್ಣದೊಂದು ಊರಿನಾಚೆ ಹುಲ್ಲು ಬೆಳೆದು ಮುಚ್ಚಿಹೋದ ಕಂಬಿ, ಪಕ್ಕದಲ್ಲಿ ಬಾಗಿಲು ಹಾಕಿದ ದನದ ಮೇವಿನ ಗಿರಣಿ. ಎದುರು ಮನೆಯ ಅಂಗಳದ ಬೆಂಚಿನಲ್ಲಿ ಗಿರಣಿಯ ಒಡತಿ, ಬಿಳಿಯ ಅಜ್ಜಿಯೊಬ್ಬರು ಕುಳಿತಿದ್ದರು. ಅವರೇ ಹೇಳಿದರು: ರೈಲು ನಿಂತ ಮೇಲೆ ಲಾರಿಯ ಬಾಡಿಗೆ ಭರಿಸಲಾಗದೆ ಗಿರಣಿ ಮುಚ್ಚಿತಂತೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತಂತೆ.

ದೊಡ್ಡಪ್ಪ ಕಾಗದವನ್ನು ಮುಂದೆ ಚಾಚಿದರು. "ಈ ಲೈನು ಮುಚ್ಚಿ ಅಂತ ಬರೆದವನು ನಾನೇ. ಮುಚ್ಚಬೇಡಿ ಅಂತ ನಿಮ್ಮ ಯಜಮಾನರು ಕಳಿಸಿದ್ದ ಕಾಗದ ಇದು. ನಾನು ಉತ್ತರ ಬರೀಲಿಲ್ಲ."

ಅಜ್ಜಿ ಕನ್ನಡಕ ಏರಿಸಿಕೊಂಡರು. ಬೈಯುತ್ತಾರೆಂದೇ ನಾನು ಅಂದುಕೊಂಡೆ. ಅವರು ಸಾಲುಗಳ ಮೇಲೆ ಬೆರಳಾಡಿಸುತ್ತ, "ಅವರದೇ ಅಕ್ಷರ. ಎಷ್ಟು ವರ್ಷವಾಯ್ತು ನೋಡಿ... ಇದನ್ನ ನಾನಿಟ್ಟುಕೊಳ್ಳಲಾ?" ಎಂದರು.

ದೊಡ್ಡಪ್ಪ ಹೂಂ ಎಂದು ತಲೆಯಾಡಿಸಿದರು. ಅಜ್ಜಿ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ದೊಡ್ಡಪ್ಪ ಕುಳಿತು, "ನಿಮ್ಮ ಯಜಮಾನರು ಎಂಥವರಾಗಿದ್ರು, ಹೇಳಿ" ಎಂದರು.