ಗೈಡನ ಹೆಂಡತಿ ಜಲಪಾತ ನೋಡಿದ್ದು

ಗೈಡ್: ಇಳಿಯೇ ಅಂದ್ರೆ! ವ್ಯಾನ್ ತೊಳೀಬೇಕು.

ಹೆಂಡತಿ: ತೊಳೀರಿ. ಗಾಜು ಏರಿಸ್ಕೊಂಡು ಕೂತಿರ್ತೀನಿ.

ದೇಶವಿದೇಶದ ಪ್ರವಾಸಿಗಳಿಗೆ ನಾಡಿನ ಚೆಲುವು ತೋರಿಸುವುದೇ ಗಂಡನ ಕಸುಬು. ಊರೂರಿನ ಜನ ಬಂದು ನೋಡಿ ಹೋಗುವ ಜಲಪಾತವನ್ನು ಹೆಂಡತಿ ಮಾತ್ರ ಒಂದು ಸಲವೂ ಕಂಡವಳಲ್ಲ. ಇವತ್ತು ಅವನಿಗೆ ಬಿಡುವು. ಸಿಕ್ಕಿದ್ದೇ ಸಮಯವೆಂದು ಅವಳು ಹೊಸ ಬಟ್ಟೆ ತೊಟ್ಟು, ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಚೀಲ ಕಂಡದ್ದೇ ಗಂಡನ ಮುಖ ಇಳಿದುಹೋದದ್ದು ನೋಡಿ ಅವಳಿಗೆ ಒಳಗೊಳಗೇ ನಗು.

ಗೈಡ್: ತವರಿಗೆ ಹೊರಟ್ಯಾ? ನಾನೇನು ಮಾಡ್ದೆ?

ಹೆಂಡತಿ: ಏನೂ ಮಾಡ್ಲಿಲ್ಲ. ಅದೇ ತಪ್ಪು.

ಗೈಡ್: ತಾಳು, ನಿಮ್ಮಣ್ಣಂಗೆ ಫೋನ್ ಮಾಡ್ತೀನಿ.

ಹೆಂಡತಿ: ನಮ್ಮಣ್ಣ ಯಾಕ್ರೀ ನಡುವೆ? ನನಗೆ ಜಲಪಾತ ತೋರಿಸಿ, ಸಾಕು.

ಗೈಡ್: (ಉಸಿರು ಬಿಟ್ಟು) ಅಷ್ಟೇನಾ! ಅಲ್ಲೇನಿದೆ ನೋಡೋಕೆ? ಮೇಲಿಂದ ನೀರು ಬೀಳುತ್ತೆ. ಬಚ್ಚಲಲ್ಲಿ ನಲ್ಲಿ ಬಿಡು, ಅದೂ ಬೀಳುತ್ತೆ.

ಹೆಂಡತಿ: ಮತ್ತೆ ದಿನಾ ಕನ್ನಡಿ ಮುಂದೆ ನಿಂತು, “ಬೆಳ್ಳಿಯೇ ಕರಗಿ ಇಳಿದಂತೆ, ಜನ್ಮದಲ್ಲಿ ಒಮ್ಮೆ ನೋಡಲೇಬೇಕು” ಅಂತೀರಲ್ಲ?

ಗೈಡ್: ಅದು ಪ್ರವಾಸಿಗಳಿಗೆ.

ಹೆಂಡತಿ: ಯಾಕೆ, ನನಗೇನು ಹತ್ತು ಜನ್ಮ ಇದೆಯಾ?

ಗೈಡ್: ಬಂಡೆ ತುಂಬಾ ಪಾಚಿ ಕಣೇ. ಜಾರ್ತೀಯ.

ಹೆಂಡತಿ: ನಿಮ್ಮನ್ನ ಕಟ್ಕೊಂಡಾಗಲೇ ಜಾರಿದ್ದಾಯ್ತು. ಇನ್ನೇನು ಹೆದರಿಕೆ?

ಗೈಡ್: ಹೊರಗಿಂದ ಬಂದೋರಿಗೆ ಹೇಳೋದನ್ನೆಲ್ಲ ನೀನು...

ಹೆಂಡತಿ: “ಬಂದವರನ್ನು ಮನೆಯವರಂತೆ ಕಾಣುವುದೇ ನಮ್ಮ ಸಂಸ್ಕೃತಿ.” ಅದೂ ನನಗೆ ಬಾಯಿಪಾಠ. ಮನೆಯವರನ್ನ ಬಂದವರ ಹಾಗೆ ಕಾಣೋದು ಯಾವಾಗ, ಅದು ಹೇಳಿ!

ಗೈಡ್ ಬಕೆಟ್ಟನ್ನು ಅಲ್ಲೇ ಬಿಟ್ಟು ತೆಪ್ಪಗೆ ವ್ಯಾನ್ ಹತ್ತಿದ. ದಾರಿಯುದ್ದಕ್ಕೂ ಅವಳದು ಪ್ರವಾಸಿಯದೇ ಗತ್ತು. ಅದೇನು ಮರ, ಇದ್ಯಾವ ಹಕ್ಕಿ ಎಂದು ಅವನ ಜೀವ ತಿಂದಳು. ವ್ಯಾನ್ ನಿಲ್ಲಿಸಿ ಕಾಲುದಾರಿ ಹಿಡಿದಾಗ ಅವನು ಅವಳ ಪಾದದ ಮೇಲೇ ಕಣ್ಣಿಟ್ಟು ಹಿಂದುಹಿಂದಕ್ಕೆ ನಡೆದ. ಬಂಡೆ ಮುಟ್ಟಿದ್ದೇ ಕೈ ಚಾಚಿ ಶುರು ಮಾಡಿದ.

ಗೈಡ್: ಮಾನ್ಯ ಅತಿಥಿಗಳೇ, ನನ್ನ ಹಿಂದೆ ನೀವು ಕಾಣುತ್ತಿರುವುದು...

ಹೆಂಡತಿ: ರೀ, ನೀವು ಯಾವಾಗಲೂ ಹೀಗೇ ನಿಲ್ಲೋದಾ?

ಗೈಡ್: ಇನ್ನು ಹೇಗೆ? ಜನರ ಮುಖ ನೋಡಿ ಮಾತಾಡ್ಬೇಕು. ಯಾರಾದ್ರೂ ಜಾರಿದ್ರೆ ಹಿಡ್ಕೋಬೇಕು.

ಹೆಂಡತಿ: ಹಾಗಾದ್ರೆ ನೀವು ನೋಡಿದ್ದು ಯಾವಾಗ?

ಗೈಡ್: ಏನನ್ನ?

ಹೆಂಡತಿ: ಅಯ್ಯೋ ನನ್ನ ಕರ್ಮವೇ! ಜಲಪಾತಾನ!

ಅವನು ತಲೆ ಕೆರೆದುಕೊಂಡ. ತನ್ನೊಬ್ಬಳನ್ನೇ ಬಿಟ್ಟು ಈತ ದಿನವೂ ಸುಖ ಸೂರೆ ಮಾಡುತ್ತಿದ್ದಾನೆಂದು ಹೊಟ್ಟೆ ಉರಿಸಿಕೊಂಡಿದ್ದವಳಿಗೆ ಈಗ ಅಯ್ಯೋ ಪಾಪ ಅನಿಸಿತು. ಎರಡೂ ಭುಜ ಹಿಡಿದು ಅವನನ್ನು ಹಿಂದಕ್ಕೆ ತಿರುಗಿಸಿದಳು. ಬೆಟ್ಟದ ನೆತ್ತಿಯಿಂದ ನೀರು ಧುಮುಕುತ್ತಿತ್ತು, ತುಂತುರು ಮುಖಕ್ಕೆ ರಾಚುತ್ತಿತ್ತು. ಗಂಡ ಕಣ್ಣು ಬಿಟ್ಟುಕೊಂಡು ಬೆಪ್ಪನಂತೆ ನಿಂತ.

ಹೆಂಡತಿ: ಯಾಕ್ರೀ, ಮುಂದಿನ ಮಾತು ಮರೆತುಹೋಯ್ತಾ?

ಗೈಡ್: ಅಲ್ಲ ಕಣೇ... ಇಷ್ಟು ಚೆನ್ನಾಗಿದೆ ಅಂತ ನನಗೆ ಯಾರೂ ಹೇಳ್ಲೇ ಇಲ್ವಲ್ಲೇ!